ದ್ರಾಕ್ಷಿ ತೋಟದ ಸೇನಾನಿ ಲ್ಯಾರಿ ಇಟ್ಲಿಯಾಂಗ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ದ್ರಾಕ್ಷಿ ಕಾರ್ಮಿಕರ ಚಳವಳಿ ಎಂದೊಡನೆ ಸೀಸರ್ ಚಾವೆಜ್ ಹೆಸರು ನೆನಪಾಗುತ್ತದೆ. ಆದರೆ ಆ ಚಳವಳಿಯ ಮೊದಲ ಕಿಡಿ ಹೊತ್ತಿಸಿದವರು ಫಿಲಿಪ್ಪೀನ್ಸ್‌ನಿಂದ ವಲಸೆ ಬಂದಿದ್ದ ಲ್ಯಾರಿ ಇಟ್ಲಿಯಾಂಗ್.

1913ರ ಅಕ್ಟೋಬರ್ 25ರಂದು ಪಂಗಾಸಿನಾನ್ ಪ್ರಾಂತ್ಯದಲ್ಲಿ ಜನಿಸಿದ ಇಟ್ಲಿಯಾಂಗ್, ವಕೀಲರಾಗುವ ಕನಸು ಹೊತ್ತು 1929ರಲ್ಲಿ ಅಮೆರಿಕ ತಲುಪಿದರು. ಬಡತನ ಹಾಗೂ ವರ್ಣಭೇದ ಆ ಕನಸನ್ನು ಚಿವುಟಿ ಹಾಕಿದವು. ಹೊಲಗಳಲ್ಲಿ, ಅಲಾಸ್ಕಾದ ಮೀನು ಸಂಸ್ಕರಣಾ ಘಟಕಗಳಲ್ಲಿ ಕೂಲಿ ಮಾಡಿದರು. ದುಡಿಮೆಯ ವೇಳೆ ಸಂಭವಿಸಿದ ಅಪಘಾತದಲ್ಲಿ ಮೂರು ಬೆರಳು ಕಳೆದುಕೊಂಡ ಅವರಿಗೆ 'ಏಳು ಬೆರಳು' ಎಂಬ ಅಡ್ಡಹೆಸರೇ ಅಂಟಿಕೊಂಡಿತು.

ಜತೆಗೆ ಬಂದ ಫಿಲಿಪಿನೋ ಯುವಕರ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಬಿಳಿಯ ಮಹಿಳೆಯರನ್ನು ವಿವಾಹವಾಗಲು ಕ್ಯಾಲಿಫೋರ್ನಿಯಾ ಕಾನೂನು 1948ರವರೆಗೆ ಅವಕಾಶ ನೀಡಲಿಲ್ಲ. ಸ್ವದೇಶದಿಂದ ಬಂದ ಮಹಿಳೆಯರು ವಿರಳ. ಅನೇಕರು ಒಂಟಿಯಾಗಿಯೇ ಕಾರ್ಮಿಕ ಶಿಬಿರಗಳಲ್ಲಿ ಮುಪ್ಪಾದರು.

ಈ ಹಿರಿಯರನ್ನು ಸಂಘಟಿಸಿ, ಗಂಟೆಗೆ 1.40 ಡಾಲರ್ ಕೂಲಿಗಾಗಿ 1965ರ ಸೆಪ್ಟೆಂಬರ್ 8ರಂದು ಡೆಲನೋದಲ್ಲಿ ಇಟ್ಲಿಯಾಂಗ್ ಮುಷ್ಕರ ಆರಂಭಿಸಿದರು. ಒಂದು ಸಮುದಾಯ ಕೆಲಸ ನಿಲ್ಲಿಸಿದರೆ ಮತ್ತೊಂದನ್ನು ಕರೆತಂದು ಮುಷ್ಕರ ಮುರಿಯುವುದು ತೋಟದ ಮಾಲೀಕರ ಹಳೆಯ ತಂತ್ರ. ಅದನ್ನರಿತ ಅವರು ಮೆಕ್ಸಿಕನ್ ಮೂಲದ ಕಾರ್ಮಿಕರ ನಾಯಕ ಚಾವೆಜ್ ಅವರ ಬೆಂಬಲ ಕೋರಿದರು. ಚಾವೆಜ್ ಸಂಘಟನೆ ಸೆಪ್ಟೆಂಬರ್ 16ರಂದು ಕೈಜೋಡಿಸಲು ನಿರ್ಧರಿಸಿತು. ಮರುವರ್ಷ ಎರಡೂ ಸಂಘಟನೆಗಳು ಒಂದಾದವು. ಚಾವೆಜ್ ನಾಯಕರಾದರು, ಇಟ್ಲಿಯಾಂಗ್ ಎರಡನೇ ಸ್ಥಾನದಲ್ಲಿ ನಿಂತರು.

ಕೂಲಿಯ ಜತೆಗೆ ಕಾರ್ಮಿಕರ ಮೈಮೇಲೆ ಬೀಳುತ್ತಿದ್ದ ಕೀಟನಾಶಕವೂ ಹೋರಾಟದ ವಿಷಯವಾಯಿತು. ಗ್ರಾಹಕರು ದ್ರಾಕ್ಷಿ ಬಹಿಷ್ಕರಿಸಿದರು. 1970ರ ಜುಲೈನಲ್ಲಿ ಡೆಲನೋದ ಮಾಲೀಕರು ಸಹಿ ಹಾಕಿದ ಒಪ್ಪಂದಗಳು ಕೂಲಿ ಏರಿಸಿದ್ದಲ್ಲದೆ ತೋಟಗಳಲ್ಲಿ ಡಿಡಿಟಿ ಬಳಕೆಗೆ ತಡೆ ಹಾಕಿದವು. ಅಮೆರಿಕ ಸರ್ಕಾರ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ. ಪರಿಸರ ನ್ಯಾಯ ಎಂಬ ಪದ ಪ್ರಚಲಿತವಾಗುವ ಮುನ್ನವೇ ವಲಸೆ ಕೂಲಿಗಳು ಅದನ್ನು ಒಪ್ಪಂದದಲ್ಲಿ ಬರೆಸಿಕೊಂಡಿದ್ದರು.

ಗೆಲುವಿನ ಮರುವರ್ಷವೇ ಇಟ್ಲಿಯಾಂಗ್ ಸಂಘಟನೆ ತೊರೆದರು. ಫಿಲಿಪಿನೋ ಕಾರ್ಮಿಕರ ದನಿಗೆ ಅಲ್ಲಿ ಮನ್ನಣೆ ಕುಗ್ಗುತ್ತಿದೆ ಎಂಬ ಅಸಮಾಧಾನ ಅವರದಾಗಿತ್ತು. ಆದರೂ ವೃದ್ಧ ಕಾರ್ಮಿಕರಿಗೆ ನೆಲೆ ಒದಗಿಸುವ ಅವರ ಹಂಬಲ ಬತ್ತಲಿಲ್ಲ. ಡೆಲನೋದಲ್ಲಿ 1974ರಲ್ಲಿ ತೆರೆದ ಅಗ್ಬಯಾನಿ ವಸತಿ ಗ್ರಾಮ ಆ ಆಶಯದ ಫಲ.

1977ರ ಫೆಬ್ರುವರಿ 8ರಂದು, ನರರೋಗದಿಂದ ಬಳಲುತ್ತಿದ್ದ ಅವರು 63ನೇ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮದಿನವನ್ನು ಅವರ ಸ್ಮರಣೆಯ ದಿನವೆಂದು ಕ್ಯಾಲಿಫೋರ್ನಿಯಾ ಘೋಷಿಸಿದ್ದು 2015ರಲ್ಲಿ, ಸಾವಿನ 38 ವರ್ಷಗಳ ಬಳಿಕ.