ನಾಟಕರತ್ನ ಗುಬ್ಬಿ ವೀರಣ್ಣನವರು

ತುಮಕೂರು ಜಿಲ್ಲೆಯ ಗುಬ್ಬಿಯು ಶ್ರೀ ಚನ್ನಬಸವೇಶ್ವರಸ್ವಾಮಿಯ ಸನ್ನಿಧಿಯಿಂದ ಎಷ್ಟು ಪ್ರಖ್ಯಾತವೋ, ಆ ಸ್ವಾಮಿಯ ನಾಮವನ್ನೇ ಧರಿಸಿ ದೇಶಸಂಚಾರ ಮಾಡಿದ ನಾಟಕ ಸಂಘದಿಂದಲೂ ಅಷ್ಟೇ ಪ್ರಖ್ಯಾತವಾಗಿರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯವರಾದ ನಮಗೆ ಬಯಲಾಟವು ಪಿತ್ರಾರ್ಜಿತವಾದ ಸೊತ್ತು; ಪರದೆ ಕಟ್ಟಿ ಆಡುವ ನಾಟಕದ ವೈಭವಕ್ಕಾದರೋ ನಾವು ಗುಬ್ಬಿಗೆ ಋಣಿಗಳು.

ಸಂಘವು 1884ರಲ್ಲಿ ಸ್ಥಾಪಿತವಾಯಿತು. ವೀರಣ್ಣನವರು ಜನಿಸಿದುದು 1891ರಲ್ಲಿ. ಬಾಲ್ಯದಲ್ಲಿಯೇ ಸಂಘವನ್ನು ಸೇರಿದ ಅವರಿಗೆ ರಂಗಸ್ಥಲವೇ ಪಾಠಶಾಲೆಯಾಯಿತು. ಹಾಸ್ಯಪಾತ್ರಗಳಲ್ಲಿ ಅವರಿಗೆ ಸಮಾನರು ವಿರಳ. ‘ಸದಾರಮೆ’ ನಾಟಕದ ಕಳ್ಳನ ವೇಷವು ಅವರ ಹೆಸರಿನೊಡನೆ ಬಿಡಿಸಲಾರದಂತೆ ಬೆಸೆದುಹೋಯಿತು. 1917ರಲ್ಲಿ ಸಂಘದ ಒಡೆತನವೂ ಅವರ ಪಾಲಿಗೆ ಬಂದಿತು.

ಪ್ರೇಕ್ಷಕನು ಕಾಣುವುದು ಪರದೆಯ ಈಚಿನದನ್ನು ಮಾತ್ರ. ಆಚೆಗೆ ಇರುವ ಸಂಸಾರವನ್ನು ಬಲ್ಲವರು ಸ್ವಲ್ಪ ಮಂದಿ. ಅರಮನೆ, ಅರಣ್ಯ, ಬೀದಿಗಳನ್ನು ಬಣ್ಣದಿಂದ ಬರೆದ ಪರದೆಗಳನ್ನು ಕ್ಷಣಮಾತ್ರದಲ್ಲಿ ಏರಿಳಿಸುವವರು, ದೀಪಗಳನ್ನು ನೋಡಿಕೊಳ್ಳುವವರು, ಬಡಗಿಗಳು, ದರ್ಜಿಗಳು, ಮುಖಕ್ಕೆ ಬಣ್ಣ ಬಳಿಯುವವರು, ಪಕ್ಕದ ಮರೆಯಲ್ಲಿ ಹಸ್ತಪ್ರತಿ ಹಿಡಿದು ಮರೆತ ಮಾತನ್ನು ಪಿಸುನುಡಿಯುವವನು, ಹಾರ್ಮೋನಿಯಂ ಮೇಷ್ಟರು, ಇವರೆಲ್ಲರಿಗೂ ಅನ್ನ ಬೇಯಿಸುವ ಅಡಿಗೆಯವರು! ಒಂದೂರಿನಲ್ಲಿ ಕಲೆಕ್ಷನ್ನು ಇಳಿಯಿತೆಂದರೆ ಇಡೀ ಸಂಸಾರವನ್ನು ಗಂಟುಕಟ್ಟಿ ಮತ್ತೊಂದೂರಿಗೆ ಸಾಗಿಸಬೇಕು. ಅಲ್ಲಿ ಪುನಃ ಕಂಬ ನೆಟ್ಟು ತಗಡು ಹೊದಿಸಿ ರಂಗಮಂದಿರವನ್ನು ಎಬ್ಬಿಸಬೇಕು. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದ ದಿನವೂ ಊಟವನ್ನು ನಿಲ್ಲಿಸುವಂತಿಲ್ಲ. ರಂಗದ ಮೇಲೆ ಜನರನ್ನು ನಗಿಸುತ್ತಿದ್ದವರು ಒಳಗೆ ಈ ಲೆಕ್ಕದ ಭಾರವನ್ನು ಹೊತ್ತೇ ಇರುತ್ತಿದ್ದರು.

ಇಷ್ಟಿದ್ದರೂ ಅವರು ವೆಚ್ಚಕ್ಕೆ ಅಂಜಲಿಲ್ಲ. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ‘ಕುರುಕ್ಷೇತ್ರ’ವನ್ನು 1934ರಲ್ಲಿ ಪ್ರದರ್ಶಿಸಿದಾಗ ಜೀವಂತ ಆನೆಕುದುರೆಗಳನ್ನೇ ತರಿಸಿದರು. ಆನೆಗೆ ಪಾತ್ರದ ಮಾತನ್ನು ಕಲಿಸಬೇಕಾಗಿಲ್ಲ ನಿಜ. ಆದರೆ ಗಲಭೆ, ದೀಪ, ವಾದ್ಯಗಳ ನಡುವೆ ಅದು ಬೆದರದಂತೆ ಕಾಯುವುದು ನಟರನ್ನು ತಿದ್ದುವುದಕ್ಕಿಂತ ಸುಲಭವಾದ ಕೆಲಸವೆಂದು ತೋರುವುದಿಲ್ಲ. ಇಂತಹ ಆಡಂಬರದಿಂದ ಸಾಹಿತ್ಯವು ಹಿಂದೆ ಸರಿಯುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿರಬಹುದು. ಆದಾಗ್ಯೂ ಅಕ್ಷರವರಿಯದ ರೈತನು ಭಾರತಕಥೆಯನ್ನು ಕಣ್ಣಾರೆ ಕಂಡು ಹೋದನೆಂಬುದನ್ನು ಪಂಡಿತರಾದ ನಾವು ಮರೆಯತಕ್ಕದ್ದಲ್ಲ.

ನಟವರ್ಗವನ್ನು, ವಿಶೇಷವಾಗಿ ನಟಿಯರನ್ನು, ಸಮಾಜವು ಕೀಳಾಗಿ ಕಾಣುತ್ತಿದ್ದಿತು. ಹೆಣ್ಣುವೇಷವನ್ನು ಗಂಡಸರು ಧರಿಸುವುದೇ ರೂಢಿಯಾಗಿದ್ದಾಗ ವೀರಣ್ಣನವರು ಸ್ತ್ರೀಯರಿಗೆ ತಮ್ಮ ರಂಗದಲ್ಲಿ ಸ್ಥಾನವಿತ್ತರು. ಅವರ ಪತ್ನಿಯರಲ್ಲೊಬ್ಬರಾದ ಬಿ. ಜಯಮ್ಮನವರು ನಾಟಕದಲ್ಲಿಯೂ ಚಲನಚಿತ್ರದಲ್ಲಿಯೂ ಹೆಸರಾದರು. ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ವೆಂದು ಹೆಸರಿಟ್ಟರು. ಬೆವರು ಸುರಿಸಿ ದುಡಿದು ಹತ್ತಾರು ಮನೆಗಳ ಒಲೆಯನ್ನು ಉರಿಸಿದ ಉದ್ಯೋಗವನ್ನು ಕಾಯಕವೆನ್ನಲು ನಮ್ಮಲ್ಲಿ ಕೆಲವರು ಏಕೆ ಹಿಂಜರಿದರೋ ತಿಳಿಯದು.

ಚಲನಚಿತ್ರವು ಬಂದು ನಾಟಕದ ಪ್ರೇಕ್ಷಕರನ್ನು ಸೆಳೆಯತೊಡಗಿದಾಗ ಅವರು ಅದನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ಮೂಕಚಿತ್ರಗಳ ಕಾಲದಲ್ಲಿಯೇ ಆ ಉದ್ಯಮಕ್ಕೆ ಕೈಹಾಕಿದರು. ಅವರ ಸಂಸ್ಥೆಯ ಸಂಬಂಧದಿಂದ 1954ರಲ್ಲಿ ‘ಬೇಡರ ಕಣ್ಣಪ್ಪ’ವು ತೆರೆಗೆ ಬಂದಿತು, ಅದರ ನಾಯಕರಾದ ರಾಜಕುಮಾರರು ಗುಬ್ಬಿ ಸಂಘದಲ್ಲಿ ಪಳಗಿದವರು. ಅವರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಸಂಘದ ನಟರು. ಮನೆ ಬಿಟ್ಟು ಬಂದು ಸಂಘವನ್ನು ಸೇರಿದ ಬಿ. ವಿ. ಕಾರಂತರನ್ನು ಉಚ್ಚವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ತಾವು ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಏರದವರು ಇನ್ನೊಬ್ಬರ ವಿದ್ಯೆಗೆ ಹಣ ತೆತ್ತರು. ಮುಂದೆ ಕಾರಂತರು ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು.

ಭಾರತ ಸರ್ಕಾರದ ಪದ್ಮಶ್ರೀ ಪ್ರಶಸ್ತಿಯು ವೀರಣ್ಣನವರಿಗೆ 1972ರಲ್ಲಿ ಸಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಲಿಂಗೈಕ್ಯರಾದರು.