ಸಪ್ತತಂತಿಯ ಸಾಧಕ ಚೌಡಯ್ಯನವರು

ವಾದ್ಯವು ಜಡವಸ್ತು, ಅದಕ್ಕೆ ಜೀವ ಬರುವುದು ವಾದಕನ ಸಾಧನೆಯಿಂದ. ಕೈಗೆ ಬಂದ ವಾದ್ಯವನ್ನು ಚೆನ್ನಾಗಿ ನುಡಿಸಿದವರು ಅನೇಕರು. ಸಂಗೀತದ ಅಗತ್ಯಕ್ಕೆ ತಕ್ಕಂತೆ ವಾದ್ಯದ ತಂತಿಗಳನ್ನೇ ಮಾರ್ಪಡಿಸಿ, ಅದರ ಹೊಣೆಯನ್ನೆಲ್ಲ ತಮ್ಮ ಬೆರಳುಗಳ ಮೇಲೆ ಹೊತ್ತುಕೊಂಡವರು ವಿರಳ. ಅಂತಹ ವಿರಳರಲ್ಲಿ ಸಂಗೀತರತ್ನ ಮೈಸೂರು ಟಿ. ಚೌಡಯ್ಯನವರು ಒಬ್ಬರು.

ಕಾವೇರಿ-ಕಪಿಲೆಯರ ಸಂಗಮಕ್ಷೇತ್ರವಾದ ತಿರುಮಕೂಡಲಿನಲ್ಲಿ 1895ರಲ್ಲಿ ಚೌಡಯ್ಯನವರು ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಬಾಲಕನಿಗೆ ಶಾಲೆಯ ಪಾಠಕ್ಕಿಂತ ಸಂಗೀತದ ಕಡೆಗೇ ಒಲವು ಹೆಚ್ಚು. 1910ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಶಿಸ್ತಿಗೆ ಹೆಸರಾದವರು. ಗುರುಕುಲವಾಸವೆಂದರೆ ಸುಖವಾಸವಲ್ಲ, ಹೊತ್ತು ಮೂಡುವ ಮುನ್ನವೇ ಸಾಧನೆ, ಅನಂತರ ಗುರುಸೇವೆ, ಮತ್ತೆ ಸಾಧನೆ. ಹೀಗೆ ಹಲವು ವರ್ಷಗಳು ಸಂದುವು. ತೆಂಗಿನ ಸಸಿಗೆ ವರ್ಷಾನುಗಟ್ಟಲೆ ನೀರೆರೆದು ಫಲಕ್ಕಾಗಿ ಕಾಯುವ ನಮ್ಮ ಸಂಪಿಗೆ, ತುರುವೇಕೆರೆ, ತಿಪಟೂರಿನ ಸೀಮೆಯವರಿಗೆ ಈ ತಾಳ್ಮೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೌಡಯ್ಯನವರ ಸಾಧನೆಯ ಹಿರಿಮೆ ತಿಳಿಯಬೇಕಾದರೆ ಪಿಟೀಲಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು. ಪಾಶ್ಚಾತ್ಯರು ನಾಲ್ಕು ತಂತಿಗಳನ್ನು ಜಿ, ಡಿ, ಎ, ಇ ಎಂಬ ಸ್ಥಿರಸ್ವರಗಳಿಗೆ ಕೂಡಿಸುತ್ತಾರೆ. ಅಲ್ಲಿ ಪ್ರತಿಯೊಂದು ತಂತಿಯೂ ತನ್ನ ಕೆಳಗಿನದಕ್ಕೆ ಪಂಚಮ. ನಮ್ಮವರು ಗಾಯಕರ ಶ್ರುತಿಯನ್ನೇ ಆಧಾರವಾಗಿಟ್ಟುಕೊಂಡು ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಕೂಡಿಸಿದರು. ಇದರಿಂದ ಮಂದ್ರದ ಎರಡು ತಂತಿಗಳಲ್ಲಿ ಬೆರಳಿಡುವ ಕ್ರಮವೇ ಮೇಲಿನ ಎರಡು ತಂತಿಗಳಲ್ಲಿ ಒಂದು ಸ್ಥಾಯಿ ಮೇಲಕ್ಕೆ ಮರಳಿ ಬರುತ್ತದೆ. ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಬಳಿ ಊರಿದ್ದರಿಂದ, ವಾದ್ಯವನ್ನು ಹಿಡಿಯುವ ಹೊರೆ ತಪ್ಪಿ ಎಡಗೈ ಗಮಕಗಳಿಗಾಗಿ ಸರಾಗವಾಗಿ ಜಾರತೊಡಗಿತು. ಶ್ರುತಿ ಬದಲಾದೊಡನೆ ಬೆರಳುಗಾರಿಕೆಯೂ ಬದಲಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಅಂದಿನ ಕಛೇರಿಗಳಿಗೆ ಧ್ವನಿವರ್ಧಕವಿರಲಿಲ್ಲ. ಗಾಯಕರ ತುಂಬುಕಂಠ, ಮೃದಂಗದ ಘೋಷ ಇವುಗಳ ನಡುವೆ ಪಿಟೀಲಿನ ತೆಳುನಾದ ಚಪ್ಪರದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಗಳೊಡನೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಮೇಲಿನ ತಂತಿಯ ಪಕ್ಕದಲ್ಲಿ ಅದೇ ಸ್ವರದ ಕೆಳಸ್ಥಾಯಿಗೆ ಕೂಡಿಸಿದ ಜೊತೆತಂತಿ. ಒಮ್ಮೆ ಕಮಾನು ಎಳೆದರೆ ಎರಡು ಸ್ಥಾಯಿಗಳೂ ಒಟ್ಟಿಗೆ ನುಡಿಯಬೇಕು. ಹೀಗೆ ನಾದಕ್ಕೆ ತುಂಬುತನ ಬಂದಿತು.

ಹೇಳಲು ಸುಲಭವಾದ ಈ ಕಾರ್ಯ ನುಡಿಸಲು ಅತಿ ಕಠಿಣ. ಒಂದೇ ಬೆರಳು ಎರಡು ತಂತಿಗಳನ್ನು ಒಂದೇ ಸ್ಥಾನದಲ್ಲಿ ಒತ್ತಬೇಕು; ಗಮಕದಲ್ಲಿ ಜಾರುವಾಗಲೂ ಅವು ಅಗಲಬಾರದು. ಜೊತೆತಂತಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಸಭೆಗೆಲ್ಲ ಕೇಳಿಸುತ್ತದೆ. ಕಮಾನಿಗೂ ಹೆಚ್ಚಿನ ಬಲ ಬೇಕು. ಚೌಡಯ್ಯನವರಿಗೆ ಆಗ ಮೂವತ್ತೆರಡು ವರ್ಷ. ಗುರುಗಳಿನ್ನೂ ಬದುಕಿದ್ದರು, ನಾಲ್ಕು ತಂತಿಯಲ್ಲಿ ಹೆಸರು ಆಗಲೇ ಬಂದಿತ್ತು. ಪ್ರಯೋಗ ಸೋತರೆ ಗಳಿಸಿದ ಕೀರ್ತಿಯೂ ಹೋಗುವ ಸಂಭವವಿತ್ತು. ಪರಂಪರೆಗೆ ಇದು ಸಲ್ಲದೆಂದು ಆಕ್ಷೇಪಿಸಿದವರೂ, ನಾಲ್ಕು ತಂತಿಯ ನಯವೇ ಮೇಲೆಂದವರೂ ಇದ್ದರು. ಚೌಡಯ್ಯನವರು ಅವರೊಡನೆ ವಾದಕ್ಕೆ ನಿಲ್ಲದೆ ಸಾಧನೆಯನ್ನೇ ಉತ್ತರವಾಗಿಸಿದರು.

ಆ ಉತ್ತರವನ್ನು ದಕ್ಷಿಣ ಭಾರತವೆಲ್ಲ ಕೇಳಿತು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಘನವಿದ್ವಾಂಸರಿಗೆ ಅವರು ಪಕ್ಕವಾದ್ಯ ನುಡಿಸಿದರು. ಗಾಯಕರನ್ನು ಮೀರದೆ, ಅವರ ಹಿಂದೆ ಅಡಗಿಯೂ ಹೋಗದೆ ನುಡಿಸುವುದೇ ಅವರ ವೈಶಿಷ್ಟ್ಯ. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿಯನ್ನಿತ್ತು ಗೌರವಿಸಿತು. 1967ರ ಜನವರಿ 19ರಂದು ಅವರು ನಾದದಲ್ಲಿ ಲೀನರಾದರು.

ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ಕುಗ್ಗಿತು. ಇಂದು ನಾಲ್ಕು ತಂತಿಯ ಪಿಟೀಲೇ ಬಳಕೆಯಲ್ಲಿದೆ. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದುನಿಂತ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಹೊತ್ತಿದೆ. ವಾದ್ಯ ಮರೆಯಾದರೂ ಅದರ ಪಾಠ ಮರೆಯಾಗಬಾರದು. ಹಳೆಯದನ್ನು ಹಲವು ವರ್ಷ ಶ್ರದ್ಧೆಯಿಂದ ಕಲಿತವರು ಅದಕ್ಕೆ ಮೂರು ತಂತಿ ಸೇರಿಸಿದರು. ಹೊಸತನಕ್ಕೆ ಹಾತೊರೆಯುವ ವಿದ್ಯಾರ್ಥಿಮಿತ್ರರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.