ಬಾಲಾಚಡಿಯ ಬಾಪು

ರಣಜಿ ಟ್ರೋಫಿ ನಿಮಗೆಲ್ಲ ಗೊತ್ತು. ಆ ರಣಜಿಯವರ ನಂತರ 1933ರಲ್ಲಿ ನವಾನಗರ ಸಂಸ್ಥಾನದ ಗದ್ದುಗೆ ಏರಿದವರು ಅವರ ಸಹೋದರನ ಮಗ ದಿಗ್ವಿಜಯಸಿಂಹಜಿ. ಜನನ 1895.

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸರ್ಕಾರ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾ, ಕಜಕಿಸ್ತಾನಗಳಿಗೆ ಗಡೀಪಾರು ಮಾಡಿತು. ಹಸಿವು, ಕಾಯಿಲೆಗೆ ಹೆತ್ತವರನ್ನು ಕಳೆದುಕೊಂಡ ನೂರಾರು ಮಕ್ಕಳು 1942ರಲ್ಲಿ ಇರಾನ್ ಮಾರ್ಗವಾಗಿ ಭಾರತಕ್ಕೆ ಬಂದರು. ನಮ್ಮ ದೇಶವೇ ಆಗ ಪರರ ಆಳ್ವಿಕೆಯಲ್ಲಿತ್ತು ಎಂಬುದನ್ನು ಮರೆಯಬೇಡಿ. ಮಹಾರಾಜರು ಜಾಮ್‌ನಗರದ ಸಮೀಪ, ಬಾಲಾಚಡಿಯ ಕಡಲತೀರದಲ್ಲಿ ಆ ಮಕ್ಕಳಿಗಾಗಿ ಶಿಬಿರ ಕಟ್ಟಿಸಿದರು. ನೀವು ಅನಾಥರಲ್ಲ, ಈ ಸಂಸ್ಥಾನದ ಮಕ್ಕಳು ಎಂದು ತಿಳಿಹೇಳಿ, ತಾವೇ ಅವರಿಗೆ ಬಾಪು ಆದರು. ನರೇಂದ್ರ ಮಂಡಲದ ಮುಖ್ಯಸ್ಥರಾಗಿದ್ದುದರಿಂದ ಇತರ ರಾಜರಿಂದಲೂ ಹಣ ಕೂಡಿಸಿದರು.

ಅನ್ನ ಬಟ್ಟೆಗಷ್ಟೇ ನಿಲ್ಲಲಿಲ್ಲ. ಶಾಲೆ, ಪೋಲಿಷ್ ಪುಸ್ತಕಗಳ ಗ್ರಂಥಾಲಯ, ಅವರದೇ ಪ್ರಾರ್ಥನೆ, ಅವರದೇ ಹಬ್ಬ! ಎರಡು ಭಾಷೆ ಕಲಿಸುವ ಶಿಕ್ಷಕನಾದ ನನಗೆ ಆ ಗ್ರಂಥಾಲಯವೇ ಅರಮನೆಗಿಂತ ದೊಡ್ಡದಾಗಿ ಕಾಣುತ್ತದೆ.

1946ರಲ್ಲಿ ಶಿಬಿರ ಮುಚ್ಚಿತು. ಉಳಿದ ಮಕ್ಕಳು ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಹಾಪುರದ ವಳಿವಡೆ ಶಿಬಿರ ಸೇರಿದರು. ಬಾಪು 1966ರಲ್ಲಿ ತೀರಿಕೊಂಡರು. ವಾರ್ಸಾದಲ್ಲಿ ಒಂದು ಶಾಲೆಗೆ ಅವರ ಹೆಸರಿದೆ. ಬಾಲಾಚಡಿಯ ಆ ಜಾಗದಲ್ಲಿ ಈಗ ಸೈನಿಕ ಶಾಲೆಯ ಮಕ್ಕಳು ಓದುತ್ತಾರೆ.